ನೆರೆಯ ಹಾನಿಯೂ ಅದರ ರುಜುವಾತೂ

ಮಳೆಗಾಲದ ನೆರೆನೀರು ಮನೆಯೊಳಗೆ ನುಗ್ಗಿ, ಒಂದೆರಡು ದಿನ ನಿಂತು, ಇಳಿದು ಹೋದ ಮೇಲೆ ಗೃಹಸ್ಥನ ಮುಂದೆ ಇಬ್ಬರು ಸಲಹೆಗಾರರು ಬಂದು ನಿಲ್ಲುತ್ತಾರೆ. ಮೊದಲನೆಯವರು ವೈದ್ಯರು. "ಕೆಸರನ್ನು ಕೂಡಲೇ ಹೊರಗೆ ಹಾಕಿಸಿ, ನೆನೆದ ಹಾಸಿಗೆ, ಕಾಳುಕಡಿ, ಔಷಧಿಗಳನ್ನು ಎಸೆದುಬಿಡಿ, ಗೋಡೆಯನ್ನು ತೊಳೆಸಿ ಒಣಗಿಸಿ" ಎಂಬುದು ಅವರ ಆಜ್ಞೆ. ಎರಡನೆಯವರು ವಿಮಾ ಸಂಸ್ಥೆಯ ಸಮೀಕ್ಷಕರು ಅಥವಾ ಕಂದಾಯ ಇಲಾಖೆಯ ನೌಕರರು. "ನೋಡುವುದಕ್ಕೆ ಏನನ್ನೂ ಉಳಿಸದೆ ಹಾನಿಯಾಗಿದೆಯೆಂದರೆ ಹೇಗೆ ನಂಬುವುದು?" ಎಂಬುದು ಅವರ ಪ್ರಶ್ನೆ. ಇಬ್ಬರ ಮಾತೂ ಸರಿಯಾದುದೇ. ಇವೆರಡರ ನಡುವೆ ಸಿಕ್ಕಿಕೊಂಡ ಕುಟುಂಬವು ಒಂದೋ ಆರೋಗ್ಯವನ್ನು ಕಳೆದುಕೊಳ್ಳುತ್ತದೆ, ಇಲ್ಲವೇ ತನಗೆ ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ಕಳೆದುಕೊಳ್ಳುತ್ತದೆ. ಎರಡನ್ನೂ ಉಳಿಸಿಕೊಳ್ಳುವ ದಾರಿಯಿದೆ. ಅದನ್ನು ನೆರೆ ಬರುವ ಮುಂಚೆಯೇ ತಿಳಿದಿರಬೇಕು.

ನದಿಗಳ ನಡುವಿನ ಖಡಕಿ

ಖಡಕಿಯ ನಿವಾಸಿಗಳಿಗೆ ಇದು ದೂರದ ಮಾತಲ್ಲ. ಮುಳಶಿಯ ಕಡೆಯಿಂದ ಬರುವ ಮುಳಾ ನದಿಗೆ ದಾಪೋಡಿಯ ಬಳಿ ಪವನಾ ನದಿ ಬಂದು ಸೇರುತ್ತದೆ. ಎರಡರ ನೀರೂ ಒಟ್ಟಾಗಿ ಬೋಪೋಡಿ, ಖಡಕಿಗಳ ಅಂಚಿನಲ್ಲಿ ಹರಿದು, ಹೋಳ್ಕರ್ ಸೇತುವೆಯನ್ನು ದಾಟಿ, ಮುಂದೆ ಸಂಗಮದಲ್ಲಿ ಮುಠೆಯನ್ನು ಕೂಡಿಕೊಳ್ಳುತ್ತದೆ. ಮೇಲ್ಭಾಗದಲ್ಲಿ ಮುಳಶಿ ಮತ್ತು ಪವನಾ ಅಣೆಕಟ್ಟುಗಳಿವೆ. ಘಟ್ಟದಲ್ಲಿ ಜಡಿಮಳೆ ಸುರಿದು ಜಲಾಶಯಗಳು ತುಂಬಿದಾಗ ಹೊರಬಿಟ್ಟ ನೀರು, ಊರಿನಲ್ಲಿ ಬಿದ್ದ ಮಳೆಯೊಡನೆ ಬೆರೆತು, ದಂಡೆಯ ತಗ್ಗುಮನೆಗಳ ಹೊಸ್ತಿಲನ್ನು ಮುಟ್ಟುತ್ತದೆ. ಮದ್ದುಗುಂಡಿನ ಕಾರ್ಖಾನೆ, ಸೇನೆಯ ಇಂಜಿನಿಯರ್ ದಳ, ರೈಲ್ವೆ ಮುಂತಾದ ಉದ್ಯೋಗಗಳನ್ನು ಅರಸಿ ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು ಹಲವು. ಅವರಲ್ಲಿ ನೆಲಮಟ್ಟದ ಬಾಡಿಗೆ ಮನೆಗಳಲ್ಲಿ ಇರುವವರೂ ಉಂಟು.

ಪುಣೆಯ ಜನ ನೆರೆಯ ಮಾತು ಬಂದಾಗಲೆಲ್ಲ 1961ನೆಯ ಇಸವಿಯನ್ನು ನೆನೆಯುತ್ತಾರೆ. ಆ ವರ್ಷದ ಜುಲೈ 12ರಂದು, ಇನ್ನೂ ನಿರ್ಮಾಣದ ಹಂತದಲ್ಲಿದ್ದ ಪಾನಶೇತ್ ಅಣೆಕಟ್ಟು ಒಡೆಯಿತು. ಅದರ ನೀರಿನ ಭಾರಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಬಿರುಕುಬಿಟ್ಟು ಒಡೆದುಹೋಯಿತು. ಮುಠೆಯ ದಂಡೆಯ ಪೇಟೆಗಳು ಮುಳುಗಿದವು. ಸಾವಿರಾರು ಮನೆಗಳು ನೆಲಸಮವಾದವು. ಮನೆಯೊಡನೆ ಮನೆಯ ಖರೀದಿಪತ್ರ, ಪಾತ್ರೆಯೊಡನೆ ಪಾತ್ರೆಯ ರಸೀದಿ, ಎಲ್ಲವೂ ಒಂದೇ ನೀರಿನಲ್ಲಿ ಹೋಗುವುದು ಇಂತಹ ದುರಂತದ ಸ್ವಭಾವ. ಹಾನಿ ದೊಡ್ಡದಾದಷ್ಟೂ ಅದರ ಪುರಾವೆ ಕಡಿಮೆಯಾಗುವುದು ನೆರೆಯೊಂದರ ಕ್ರೂರ ವಿಚಿತ್ರ. 2024ರ ಜುಲೈ 25ರಂದು ಪುಣೆಯ ಹಲವು ವಸತಿಗಳಿಗೆ ನೀರು ನುಗ್ಗಿದಾಗ ಈ ಪಾಠ ಹೊಸ ತಲೆಮಾರಿಗೂ ತಿಳಿಯಿತು.

ತೆರಿಗೆಯಲ್ಲಿ ರಿಯಾಯಿತಿ ಉಂಟೆ?

ನೆರೆಯಲ್ಲಿ ನಷ್ಟ ಹೊಂದಿದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೊಂದು. ಮಕ್ಕಳು ಅಮೆರಿಕೆಯಲ್ಲಿರುವ ಮನೆಗಳಲ್ಲಿ ಈ ಪ್ರಶ್ನೆ ಇನ್ನೂ ಬಲವಾಗಿ ಬರುತ್ತದೆ. ಅಲ್ಲಿ ಸ್ವಂತ ವಾಸದ ಮನೆಗೆ ನೆರೆಯಿಂದಾದ ನಷ್ಟದಲ್ಲಿ ವಿಮೆಯಿಂದ ಬಾರದ ಭಾಗವನ್ನು, ಕೆಲವು ಮಿತಿಗಳಿಗೆ ಒಳಪಟ್ಟು, ಆದಾಯದಿಂದ ಕಳೆಯಲು ಅವಕಾಶವಿದೆ. ಆದರೆ 2018ರಿಂದ ಆ ಸೌಲಭ್ಯವನ್ನು ಸರ್ಕಾರವು ಅಧಿಕೃತವಾಗಿ ಘೋಷಿಸಿದ ವಿಪತ್ತುಗಳಿಗೆ ಸೀಮಿತಗೊಳಿಸಲಾಯಿತು. ಮಗ ಅಲ್ಲಿಂದ ದೂರವಾಣಿಯಲ್ಲಿ ಹೇಳಿದುದನ್ನು ನಂಬಿ ತಂದೆ ಇಲ್ಲಿ ತನ್ನ ತೆರಿಗೆಯ ಲೆಕ್ಕದಲ್ಲಿ ನೆರೆಯ ನಷ್ಟವನ್ನು ಕಳೆದರೆ ತೊಂದರೆಗೆ ಸಿಲುಕುವುದು ಖಂಡಿತ.

ಏಕೆಂದರೆ ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಸಂಬಳದಾರನ ಸ್ವಂತ ವಾಸದ ಮನೆಗಾದ ಹಾನಿಗೆ ಅಂತಹ ಕಡಿತವಿಲ್ಲ. ಪಾನಶೇತ್ ದುರಂತವಾದ ಎರಡೇ ತಿಂಗಳಿಗೆ, 1961ರ ಸೆಪ್ಟೆಂಬರ್ 13ರಂದು, ಆದಾಯ ತೆರಿಗೆ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಆ ಕಾಯಿದೆಯು ಬಾಡಿಗೆ ಮನೆಯ ಒಡೆಯನಿಗೆ ದುರಸ್ತಿಯ ಬಾಬ್ತು ವಾರ್ಷಿಕ ಮೌಲ್ಯದ ಆರನೆಯ ಒಂದು ಭಾಗವನ್ನು ಬಿಟ್ಟುಕೊಟ್ಟಿತು. ಮುಂದೆ ಇದು ಬದಲಾಗುತ್ತ ಬಂದು ಶೇಕಡಾ 30 ಆಯಿತು. ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಒಡೆಯನು ಒಂದು ರೂಪಾಯಿ ಖರ್ಚು ಮಾಡಿದರೂ, ನೆರೆ ಬಂದು ಐದು ಲಕ್ಷ ಖರ್ಚು ಮಾಡಿದರೂ ದೊರೆಯುವುದು ಅದೇ ಶೇಕಡಾ 30. ಸ್ವಂತ ವಾಸದ ಮನೆಗೆ ಅದೂ ಇಲ್ಲ. ದುರಸ್ತಿಗಾಗಿ ಸಾಲ ಮಾಡಿದ್ದರೆ, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ, ಆ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂ.ವರೆಗೆ ಕಡಿತ ಸಿಗುತ್ತದೆ.

ವ್ಯಾಪಾರಿಯ ಸ್ಥಿತಿ ಬೇರೆ. ಅಂಗಡಿಯ ಸರಕು ನೀರುಪಾಲಾದರೆ ಅದು ವ್ಯಾಪಾರದ ನಷ್ಟವೆಂದು ಲಾಭದ ಲೆಕ್ಕದಲ್ಲಿ ಕಳೆಯಲ್ಪಡುತ್ತದೆ. ಆದರೆ ಹಾಳಾದ ಸರಕಿನ ಮೇಲೆ ಪಡೆದಿದ್ದ ಜಿ.ಎಸ್.ಟಿ. ಹಿಂಜಮೆಯನ್ನು ತಿರುಗಿ ಕಟ್ಟಬೇಕಾಗುತ್ತದೆಂಬುದನ್ನು ಅನೇಕರು ಮರೆಯುತ್ತಾರೆ.

ಹಾಗಾದರೆ ಮನೆವಾಳ್ತೆಯವನಿಗೆ ರುಜುವಾತಿನ ಗೊಡವೆ ಏಕೆ ಎಂದು ಕೇಳಬಹುದು. ಕಡಿತವಿಲ್ಲದ ನಾಡಿನಲ್ಲಿಯೇ ಅದರ ಅಗತ್ಯ ಹೆಚ್ಚು. ನಷ್ಟವನ್ನು ತುಂಬಿಕೊಳ್ಳಲು ಇಲ್ಲಿ ಉಳಿದಿರುವುದು ಸರ್ಕಾರದ ಪರಿಹಾರ ಮತ್ತು ವಿಮೆ ಎಂಬ ಎರಡೇ ಬಾಗಿಲುಗಳು. ಎರಡೂ ಕಾಗದವಿಲ್ಲದೆ ತೆರೆಯುವುದಿಲ್ಲ. ಅವುಗಳಿಂದ ಬಂದ ಹಣಕ್ಕೆ ತೆರಿಗೆ ತಾಗದಂತೆ ನೋಡಿಕೊಳ್ಳಲು ಮತ್ತೆ ಕಾಗದವೇ ಬೇಕು.

ಪಂಚನಾಮೆಯ ಒಂದು ಪದ

ಸರ್ಕಾರದ ಪರಿಹಾರಕ್ಕೆ ಆಧಾರ ಪಂಚನಾಮೆ. ತಹಸೀಲ್ದಾರರ ಕಚೇರಿಯ ಪರವಾಗಿ ತಲಾಠಿಯೋ ನಿಯೋಜಿತ ನೌಕರನೋ ಮನೆಗೆ ಬಂದು, ಪಂಚರ ಎದುರು ಹಾನಿಯನ್ನು ಬರೆದುಕೊಳ್ಳುತ್ತಾನೆ. ಇಲ್ಲಿ ಅದು ಮರಾಠಿಯಲ್ಲಿರುತ್ತದೆ. ಅವಸರದಲ್ಲಿ, ಮನೆಯವರು ಕೆಸರು ಎತ್ತುತ್ತಿರುವಾಗಲೇ, ಸಹಿ ಹಾಕಿಸಿಕೊಳ್ಳುವುದೂ ಉಂಟು. ಸಹಿ ಮಾಡುವ ಮುನ್ನ ಅದನ್ನು ಓದಲೇಬೇಕು. ಓದಲು ಬಾರದಿದ್ದರೆ ನೆರೆಯವರಿಂದ ಓದಿಸಿಕೊಳ್ಳಬೇಕು. ಅದರಲ್ಲಿ "ಅಂಶತಃ" ಎಂದು ಬರೆದಿದೆಯೋ "ಪೂರ್ಣತಃ" ಎಂದು ಬರೆದಿದೆಯೋ ಎಂಬುದೇ ಮುಖ್ಯ.

ಈ ಒಂದು ಪದದ ಬೆಲೆಯನ್ನು ಅಂಕಿಗಳಲ್ಲಿ ನೋಡಬಹುದು. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ರಾಜ್ಯ ವಿಪತ್ತು ಪರಿಹಾರ ನಿಧಿಗೆ ಗೊತ್ತುಪಡಿಸಿದ ಮಾನದಂಡದಲ್ಲಿ, ಬಯಲು ಸೀಮೆಯಲ್ಲಿ ಪೂರ್ಣ ಹಾಳಾದ ಮನೆಗೆ 1,20,000 ರೂ. ಇತ್ತು, ಭಾಗಶಃ ಹಾಳಾದ ಪಕ್ಕಾ ಮನೆಗೆ 6,500 ರೂ., ಅದೂ ಹಾನಿ ಕನಿಷ್ಠ ಶೇಕಡಾ 15 ಆಗಿದ್ದರೆ ಮಾತ್ರ. ಬಟ್ಟೆಬರೆಗಾಗಿ 2,500 ರೂ., ಪಾತ್ರೆಪದಾರ್ಥಗಳಿಗಾಗಿ 2,500 ರೂ. ಬೇರೆ. ಮನೆ ಬೀಳದೆ ಕೇವಲ ನೀರು ನಿಂತಿದ್ದ ಪಕ್ಷದಲ್ಲಿ ಈ ಕೊನೆಯ ಎರಡು ಬಾಬ್ತುಗಳಿಗೆ ಎರಡು ದಿನಕ್ಕಿಂತ ಹೆಚ್ಚು ಕಾಲ ಮುಳುಗಡೆಯಾಗಿರಬೇಕೆಂಬ ನಿಯಮವಿತ್ತು. ಆದ್ದರಿಂದ ನೀರು ಬಂದ ದಿನ, ಗಂಟೆ, ಇಳಿದ ದಿನ, ಗಂಟೆ ಇವೂ ಪಂಚನಾಮೆಯಲ್ಲಿ ಸೇರಿರಬೇಕು. ಇಂತಹ ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ರಾಜ್ಯ ಸರ್ಕಾರಗಳು ತಮ್ಮ ಬೊಕ್ಕಸದಿಂದ ಹೆಚ್ಚಿಗೆ ಕೊಡುವುದೂ ಉಂಟು.

ಖಡಕಿಯ ಅನೇಕರಿಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಪಿತ್ರಾರ್ಜಿತ ಮನೆಗಳಿರುತ್ತವೆ. ಅವರಿಗೆ 2019ರ ಆಗಸ್ಟ್ ತಿಂಗಳ ನೆರೆ ನೆನಪಿರಬಹುದು. ಆಗ ಕರ್ನಾಟಕ ಸರ್ಕಾರವು ಪೂರ್ಣ ಹಾಳಾದ ಮನೆಗೆ 5 ಲಕ್ಷ ರೂ. ಘೋಷಿಸಿ, ಹಾನಿಯ ಪ್ರಮಾಣಕ್ಕೆ ತಕ್ಕಂತೆ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಮನೆ ಯಾವ ಅಕ್ಷರಕ್ಕೆ ಸೇರಿತೆಂಬುದೇ ಪರಿಹಾರವನ್ನು ನಿರ್ಧರಿಸುವ ಸಂಗತಿಯಾಯಿತು. ಮನೆಗೆ ಬೀಗ ಹಾಕಿ ದೂರದ ಊರಿನಲ್ಲಿರುವವನ ಪರವಾಗಿ ಸಮೀಕ್ಷೆಯ ದಿನ ಯಾರು ಮಾತನಾಡುತ್ತಾರೆಂಬುದನ್ನು ಮೊದಲೇ ಗೊತ್ತುಮಾಡಿಡುವುದು ಲೇಸು.

ವಿಮೆಯ ಲೆಕ್ಕ

ಮನೆಯ ವಿಮೆ ಮಾಡಿಸುವುದು ಮಧ್ಯಮವರ್ಗದಲ್ಲಿ ಇನ್ನೂ ರೂಢಿಯಾಗಿಲ್ಲ. ಗೃಹಸಾಲ ಪಡೆದವರ ಬಳಿ ವಿಮಾಪತ್ರವಿದ್ದರೂ, ಅದರಲ್ಲಿ ಏನಿದೆಯೆಂದು ಓದಿದವರು ವಿರಳ. ಎರಡು ಅಂಶಗಳನ್ನು ಎಲ್ಲರೂ ನೋಡಿಕೊಳ್ಳಬೇಕು.

ಮೊದಲನೆಯದು ಕೊರತೆ ವಿಮೆಯ ಪ್ರಶ್ನೆ. ಮತ್ತೆ ಕಟ್ಟಿಸಲು 20 ಲಕ್ಷ ರೂ. ಬೇಕಾಗುವ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಲಾಗಿದೆಯೆನ್ನೋಣ. ನೆರೆಯಿಂದ 2 ಲಕ್ಷದ ಹಾನಿಯಾಯಿತು. 10 ಲಕ್ಷದೊಳಗೆ ಇರುವುದರಿಂದ ಪೂರ್ಣ 2 ಲಕ್ಷವೂ ಬರುತ್ತದೆಂದು ಒಡೆಯನು ತಿಳಿದಿರುತ್ತಾನೆ. ಆದರೆ ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದವನು ಉಳಿದರ್ಧದ ಹಾನಿಯನ್ನು ತಾನೇ ಹೊತ್ತುಕೊಂಡಂತೆ ಎಂಬ ಸರಾಸರಿ ನಿಯಮದ ಪ್ರಕಾರ ಅವನಿಗೆ ಬರುವುದು 1 ಲಕ್ಷ ಮಾತ್ರ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಎಂಬ ಮಾದರಿ ವಿಮಾಪತ್ರದಲ್ಲಿ ವಾಸದ ಮನೆಗಳಿಗೆ ಈ ನಿಯಮವನ್ನು ಕೈಬಿಡಲಾಗಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂ.ವರೆಗೆ, ಮನೆಯ ಸಾಮಾನುಗಳಿಗೂ ತಾನಾಗಿ ರಕ್ಷಣೆ ದೊರೆಯುತ್ತದೆ. ಒಡವೆಗಳಿಗೆ ಮಾತ್ರ ಪ್ರತ್ಯೇಕವಾಗಿ ಬರೆಸಬೇಕು. ಕಟ್ಟಡದ ಮೊತ್ತವನ್ನು ಹಾಕುವಾಗ ನಿವೇಶನದ ಬೆಲೆ ಸೇರುವುದಿಲ್ಲ. ಇಂದು ಮತ್ತೆ ಕಟ್ಟಿಸಲು ತಗಲುವ ವೆಚ್ಚವೇ ಅದಕ್ಕೆ ಅಳತೆ.

ಎರಡನೆಯದು, ಯಾರ ಹಾನಿ ಯಾರದು ಎಂಬ ವಿಷಯ. ಬಾಡಿಗೆದಾರನು ಗೋಡೆಯ ಹಾನಿಯನ್ನು ಕೇಳುವಂತಿಲ್ಲ; ಒಡೆಯನು ಬಾಡಿಗೆದಾರನ ಕಪಾಟಿನ ಹಾನಿಯನ್ನು ಕೇಳುವಂತಿಲ್ಲ. ಬಾಡಿಗೆ ಮನೆಯಲ್ಲಿರುವವರು ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಬಹುದೆಂಬುದು ಬಹಳ ಜನರಿಗೆ ತಿಳಿಯದು. ವಿಮಾ ಸಂಸ್ಥೆಯು ಬೇಡಿಕೆಯನ್ನು ನಿರಾಕರಿಸಿದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ಅವರ ಕಚೇರಿ ಪುಣೆಯಲ್ಲಿಯೇ ಇದೆ.

ನೀರು ಇಳಿದ ಮೊದಲ ದಿನ

ಈಗ ವೈದ್ಯರ ಮತ್ತು ಸಮೀಕ್ಷಕರ ಜಗಳಕ್ಕೆ ಬರೋಣ. ವಿಮಾಪತ್ರದ ಷರತ್ತುಗಳೇ ಹಾನಿಯು ಹೆಚ್ಚದಂತೆ ವಿಮೆದಾರನು ಯುಕ್ತ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತವೆ. ಆದ್ದರಿಂದ ಶುಚಿ ಮಾಡುವುದು ಅಪರಾಧವಲ್ಲ. ದಾಖಲೆಯಿಲ್ಲದೆ ಶುಚಿ ಮಾಡುವುದು ಮಾತ್ರ ಅವಿವೇಕ. ಕೆಲಸದ ಕ್ರಮ ಹೀಗಿರಲಿ.

ಮನೆಯೊಳಗೆ ಕಾಲಿಡುವ ಮುನ್ನ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಿರಬೇಕು. ಅದನ್ನು ಮುಟ್ಟಲು ನೀರಿನಲ್ಲಿ ನಿಲ್ಲಬೇಕಾದಲ್ಲಿ ತಂತಿ ಕೆಲಸದವನನ್ನೇ ಕರೆಸಬೇಕು. ಕಾಲಿಗೆ ಬೂಟು, ಕೈಗೆ ರಬ್ಬರ್ ಚೀಲ ಇರಲಿ. ನೆರೆನೀರಿನಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ. ಸಣ್ಣ ಗಾಯದ ಮೂಲಕ ಅದು ದೇಹವನ್ನು ಹೊಕ್ಕರೆ ಇಲಿಜ್ವರ ಬರುತ್ತದೆ. 2005ರ ಜುಲೈ 26ರ ಮಹಾಮಳೆಯ ಬಳಿಕ ಮುಂಬಯಿಯಲ್ಲಿ ಈ ಜ್ವರದಿಂದ ಜನ ಸತ್ತುದುಂಟು. ಕೆಸರಿನಲ್ಲಿ ಓಡಾಡಿದವರಿಗೆ ಮುಂದಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ, ಕೆಸರಿನಲ್ಲಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಅನಂತರ, ಒಂದು ಪೊರಕೆಯನ್ನೂ ಎತ್ತುವ ಮುನ್ನ, ಛಾಯಾಚಿತ್ರಗಳು. ಮೊಬೈಲ್ ಎಲ್ಲರ ಕೈಯಲ್ಲೂ ಇರುವುದರಿಂದ ಇದು ಈಗ ಕಷ್ಟವಲ್ಲ. ಬೀದಿಯಿಂದ ಮನೆ ಕಾಣುವಂತೆ ಒಂದು. ಪ್ರತಿ ಕೋಣೆಯ ನಾಲ್ಕು ಮೂಲೆಯಿಂದ ಒಂದೊಂದು. ನೀರು ನಿಂತ ಗುರುತು ಗೋಡೆಯ ಮೇಲಿರುತ್ತದಷ್ಟೆ, ಅದರ ಪಕ್ಕದಲ್ಲಿ ಅಳತೆಯ ಪಟ್ಟಿಯನ್ನು ಹಿಡಿದು ಇನ್ನೊಂದು. ಯಂತ್ರಗಳ ಹೆಸರು ಮತ್ತು ಸಂಖ್ಯೆ ಇರುವ ಫಲಕಗಳನ್ನು ಹತ್ತಿರದಿಂದ ತೆಗೆಯಬೇಕು. ಆ ಚಿತ್ರಗಳನ್ನು ಅದೇ ದಿನ ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಕಳಿಸಿಟ್ಟರೆ, ತಾರೀಖಿಗೆ ಇನ್ನೊಂದು ಸಾಕ್ಷಿ ಹುಟ್ಟಿದಂತಾಯಿತು. ವಿಮಾ ಸಂಸ್ಥೆಗೂ ಅದೇ ದಿನ ಲಿಖಿತ ಸೂಚನೆ ಕೊಟ್ಟು, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಮೂರನೆಯದು ಪಟ್ಟಿ. ವಸ್ತು, ಕೊಂಡ ವರ್ಷ, ಕೊಟ್ಟ ಬೆಲೆ, ರಸೀದಿ ಇದೆಯೋ ಇಲ್ಲವೋ, ಈಗಿನ ಸ್ಥಿತಿ ಎಂದು ಐದು ಅಂಕಣಗಳು ಸಾಕು. ರಸೀದಿ ಹೋಗಿದ್ದರೆ ಎದೆಗುಂದಬೇಕಾಗಿಲ್ಲ. ಬ್ಯಾಂಕಿನ ಲೆಕ್ಕಪಟ್ಟಿಯಲ್ಲಿ ಅಂಗಡಿಗೆ ಹೋದ ಹಣ ಕಾಣುತ್ತದೆ. ಗೌರಿ ಗಣೇಶನ ಹಬ್ಬದಲ್ಲಿ, ಮಗುವಿನ ನಾಮಕರಣದಲ್ಲಿ ತೆಗೆದ ಚಿತ್ರಗಳ ಹಿನ್ನೆಲೆಯಲ್ಲಿ ಕಪಾಟು, ಫ್ರಿಜ್, ಹೊಲಿಗೆಯಂತ್ರ ನಿಂತಿರುತ್ತವೆ. ಸಂತೋಷದ ದಿನದ ಚಿತ್ರವೇ ದುಃಖದ ದಿನದ ಸಾಕ್ಷಿಯಾಗುತ್ತದೆ.

ಇಷ್ಟಾದ ಮೇಲೆ ವೈದ್ಯರ ಮಾತು ನಡೆಯಲಿ. ನೆರೆನೀರು ಮುಟ್ಟಿದ ಆಹಾರ, ಔಷಧಿ, ಹತ್ತಿಯ ಹಾಸಿಗೆಗಳನ್ನು ಚಿತ್ರ ತೆಗೆದು, ಪಟ್ಟಿಗೆ ಸೇರಿಸಿ, ಎಸೆಯಬೇಕು. ಕೊಳೆಯದ ದೊಡ್ಡ ಸಾಮಾನುಗಳನ್ನು ಸಮೀಕ್ಷಕರು ಬರುವವರೆಗೆ ಹೊರಗೆ ಹೊದಿಸಿ ಇಡಬಹುದು. ನೆನೆದ ಫ್ರಿಜ್ ನಡೆಯುತ್ತದೆಯೇ ಎಂದು ಗುಂಡಿ ಒತ್ತಿ ನೋಡುವ ಆತುರ ಬೇಡ. ಅದರಿಂದ ಪ್ರಾಣಕ್ಕೂ ಅಪಾಯ, ಯಂತ್ರಕ್ಕೂ ಅಪಾಯ. ದುರಸ್ತಿ ಮಾಡಿದ ಮೇಸ್ತ್ರಿ, ಬಡಗಿ, ಬಣ್ಣದವರಿಂದ ತಾರೀಖು ಸಹಿತ ರಸೀದಿ ಪಡೆಯುವುದನ್ನು ಮರೆಯಬಾರದು.

ಒದ್ದೆಯಾದ ಕಾಗದಗಳು

ನೆನೆದ ದಸ್ತಾವೇಜುಗಳನ್ನು ಎಳೆದು ಬಿಡಿಸಲು ಹೋಗಬಾರದು. ಶುದ್ಧ ನೀರಿನಲ್ಲಿ ಮೆಲ್ಲಗೆ ಕೆಸರು ತೊಳೆದು, ಹಾಳೆಗಳ ನಡುವೆ ಒತ್ತುಕಾಗದವಿಟ್ಟು, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಹಾಳಾದ ನೋಟುಗಳನ್ನು ಬ್ಯಾಂಕಿನ ಶಾಖೆಯಲ್ಲಿ ನಿಯಮದ ಪ್ರಕಾರ ಬದಲಿಸಿಕೊಳ್ಳಬಹುದು. ಠೇವಣಿಯ ರಸೀದಿ ಕಳೆದರೆ ಠೇವಣಿ ಕಳೆಯುವುದಿಲ್ಲ. ಅರ್ಜಿ ಕೊಟ್ಟು ನಕಲು ಪಡೆಯಬಹುದು. ಬ್ಯಾಂಕಿನ ಲಾಕರಿನಲ್ಲಿಟ್ಟುದಕ್ಕೆ ಭಯವಿಲ್ಲವೆಂದು ಭಾವಿಸುವವರು ಒಂದು ಮಾತನ್ನು ತಿಳಿದಿರಬೇಕು. 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಬ್ಯಾಂಕಿನ ಅಲಕ್ಷ್ಯದಿಂದ ನಷ್ಟವಾದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಹೊಣೆಯುಂಟು; ನೆರೆ, ಭೂಕಂಪಗಳಂತಹ ದೈವಿಕ ಆಪತ್ತಿಗೆ ಹೊಣೆಯಿಲ್ಲ.

ಖಡಕಿಯ ದಂಡು ಪ್ರದೇಶದಲ್ಲಿ ಇನ್ನೊಂದು ತೊಡಕಿದೆ. ದಂಡು ಪ್ರದೇಶದ ಜಮೀನುಗಳ ದಾಖಲೆ ಬೇರೆ ಕಡೆಗಳಂತೆ ಸಾತ್ ಬಾರಾ ಉತಾರೆಯಲ್ಲಿರುವುದಿಲ್ಲ. ರಕ್ಷಣಾ ಇಲಾಖೆಯ ಪದ್ಧತಿಯಂತೆ ಇಟ್ಟ ಸಾಮಾನ್ಯ ಭೂ ವಹಿಯಲ್ಲಿರುತ್ತದೆ. ಹಳೆಯ ಅನುದಾನದ ನಿವೇಶನಗಳಲ್ಲಿ ಜಮೀನು ಸರ್ಕಾರದ್ದು, ಕಟ್ಟಡ ಮಾತ್ರ ಹಿಡುವಳಿದಾರನದು. ಆದಕಾರಣ ಆ ವಹಿಯ ಉತಾರೆ, ಮನೆ ತೆರಿಗೆಯ ರಸೀದಿ, ವಿದ್ಯುತ್ ಬಿಲ್ಲು ಇವುಗಳ ಪ್ರತಿಗಳನ್ನು ಮೊದಲೇ ತೆಗೆದಿರಿಸಿಕೊಳ್ಳಬೇಕು.

ಬಂದ ಹಣಕ್ಕೆ ತೆರಿಗೆ

ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ವಿಪತ್ತಿಗಾಗಿ ಕೊಟ್ಟ ಪರಿಹಾರಕ್ಕೆ ತೆರಿಗೆಯಿಲ್ಲವೆಂದು 2007ರ ಹಣಕಾಸು ಕಾಯಿದೆಯು ಸ್ಪಷ್ಟಪಡಿಸಿತು. ಅದೇ ನಷ್ಟವನ್ನು ಲೆಕ್ಕದಲ್ಲಿ ಆಗಲೇ ಕಳೆದುಕೊಂಡಿದ್ದರೆ ಮಾತ್ರ ಆ ಮಟ್ಟಿಗೆ ವಿನಾಯಿತಿಯಿಲ್ಲ. ವಿಮೆಯ ಹಣದ ದಾರಿ ಬೇರೆ. ನಾಶವಾದ ಸ್ವತ್ತಿಗೆ ಬಂದ ವಿಮೆಯ ಹಣ ವರ್ಗಾವಣೆಯ ಲಾಭವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ವಾನಿಯಾ ಸಿಲ್ಕ್ ಮಿಲ್ಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಬಳಿಕ 1999ರ ಹಣಕಾಸು ಕಾಯಿದೆಯು ಕಾನೂನನ್ನೇ ತಿದ್ದಿ, ನೆರೆ, ಭೂಕಂಪ, ಬೆಂಕಿ ಮೊದಲಾದವುಗಳಿಂದ ಹಾಳಾದ ಬಂಡವಾಳ ಸ್ವತ್ತಿಗೆ ಬಂದ ವಿಮೆಯ ಹಣವನ್ನು ಬಂಡವಾಳ ಲಾಭದ ಲೆಕ್ಕಕ್ಕೆ ಒಳಪಡಿಸಿತು. ಪೀಠೋಪಕರಣ, ಬಟ್ಟೆಬರೆಗಳಂತಹ ಸ್ವಂತ ಬಳಕೆಯ ವಸ್ತುಗಳು ಇದರಲ್ಲಿ ಬರುವುದಿಲ್ಲ. ಕಟ್ಟಡ ಮತ್ತು ಒಡವೆ ಬರುತ್ತವೆ. ಆದ್ದರಿಂದ ಕಟ್ಟಡಕ್ಕೆ ದೊಡ್ಡ ಮೊತ್ತ ಬಂದಾಗ, ಮನೆ ಕಟ್ಟಲು ಅಂದು ಆದ ಖರ್ಚಿನ ಕಾಗದಗಳನ್ನು ಹಿಡಿದು ಲೆಕ್ಕಪರಿಶೋಧಕರನ್ನು ಕಾಣುವುದು ಜಾಣತನ. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯಿದೆಯನ್ನು ತರಲಾಗಿದ್ದು ಕಲಮುಗಳ ಸಂಖ್ಯೆಗಳು ಬೇರೆಯಾಗಿರುವುದರಿಂದ, ಹಳೆಯ ಪುಸ್ತಕವನ್ನು ನೋಡಿ ಅರ್ಜಿ ಬರೆಯಬಾರದು.

ಮಳೆಗಾಲಕ್ಕೆ ಮುಂಚೆ

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗಬಾರದು. ಮಹಾರಾಷ್ಟ್ರದಲ್ಲಿ ನದಿಗಳ ದಂಡೆಗೆ ನೀಲಿ ರೇಖೆ, ಕೆಂಪು ರೇಖೆಗಳೆಂಬ ಎರಡು ಗಡಿಗಳನ್ನು ಗುರುತಿಸುತ್ತಾರೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ ಮೊದಲನೆಯದು, ನೂರು ವರ್ಷಕ್ಕೊಮ್ಮೆ ಬರಬಹುದಾದುದು ಎರಡನೆಯದು. ಮನೆ ಕೊಳ್ಳುವವರು, ಬಾಡಿಗೆಗೆ ಹಿಡಿಯುವವರು ಈ ರೇಖೆಗಳು ಎಲ್ಲಿವೆಯೆಂದು ಕೇಳಿ ತಿಳಿಯಬೇಕು. ಮೇ ತಿಂಗಳ ಒಂದು ಭಾನುವಾರ, ಮನೆಯ ಪ್ರತಿ ಕೋಣೆಯ ಚಿತ್ರ ತೆಗೆದು, ಮುಖ್ಯ ದಸ್ತಾವೇಜುಗಳ ಪ್ರತಿಗಳೊಡನೆ ಎತ್ತರದಲ್ಲಿರುವ ಬಂಧುಗಳ ಮನೆಯಲ್ಲಿ ಒಂದು ಕಟ್ಟು ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ನೆರೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನು ಅಧಿಕಾರಿಯ ಮುಂದೆ ನಿಂತು, "ನನ್ನ ಮನೆಯಲ್ಲಿ ಇಷ್ಟೆಲ್ಲ ಇತ್ತು" ಎಂದು ಹೇಳಬೇಕಾಗುವುದು ಸುಲಭವಲ್ಲ. ಕೇಳುವವನು ನಂಬದಿದ್ದಾಗ, ಒಂದು ಜೀವಮಾನದ ಪ್ರಾಮಾಣಿಕ ದುಡಿಮೆಯನ್ನೇ ಅಲ್ಲಗಳೆದಂತೆ ಅವನಿಗೆ ನೋವಾಗುತ್ತದೆ. ಕೈಯಲ್ಲಿ ನಾಲ್ಕು ಚಿತ್ರ, ಒಂದು ಪಟ್ಟಿ, ಒಂದು ಪಂಚನಾಮೆಯ ಪ್ರತಿ ಇದ್ದವನು ಯಾಚಕನಂತೆ ಬೇಡಬೇಕಾಗಿಲ್ಲ. ತನ್ನದನ್ನು ತಾನು ಕೇಳಿದರೆ ಸಾಕು.